ಸಿವಿಲ್ ವ್ಯಾಜ್ಯವನ್ನು ಮಾತುಕತೆಯಲ್ಲಿ ಮುಗಿಸುವುದು ಹೇಗೆ: ಮಧ್ಯಸ್ಥಗಾರನೊಬ್ಬನ ಮೇಜಿನಿಂದ

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ." ಮಧ್ಯಸ್ಥಿಕೆಯ ಪರವಾಗಿ ಮಾತನಾಡುವವರು ಈ ಗಾದೆಯಿಂದಲೇ ಶುರು ಮಾಡುವುದು ರೂಢಿ. ಹೊಸದರಲ್ಲಿ ನಾನೂ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ದಾವೆ ಗೆದ್ದು ನಿಜಕ್ಕೂ ಗೆದ್ದವರನ್ನು ಕಂಡಿದ್ದೇನೆ. ಹೆದರಿಕೆಯಿಂದ ರಾಜಿಗೆ ಸಹಿ ಹಾಕಿ, ಮನೆಗೆ ಹೋಗಿ ಕೈ ಹಿಸುಕಿಕೊಂಡವರನ್ನೂ ಕಂಡಿದ್ದೇನೆ.

ಹಲವು ವರ್ಷ ಈ ಮೇಜಿನ ಬಳಿ ಕುಳಿತ ಮೇಲೆ ನನಗೆ ಅನ್ನಿಸಿರುವುದು ಇಷ್ಟು. ಮುರಿದುಬಿದ್ದ ಮಾತುಕತೆಗಳಲ್ಲಿ ಹೆಚ್ಚಿನವು ಕಕ್ಷಿದಾರರು ಕೋಣೆಯೊಳಗೆ ಕಾಲಿಡುವ ಮೊದಲೇ ಮುರಿದಿದ್ದವು. ಬರಬೇಕಾದವರು ಬಂದಿರಲಿಲ್ಲ, ಕೇಳುವ ಮೊತ್ತದ ಹಿಂದೆ ಲೆಕ್ಕವಿರಲಿಲ್ಲ, ಇಲ್ಲಿ ಆಗದಿದ್ದರೆ ಮುಂದೇನು ಎಂದು ಯಾರೂ ಯೋಚಿಸಿರಲಿಲ್ಲ. ಇನ್ನು ಕೋಣೆಯಲ್ಲಿ ಕೈಕುಲುಕಿ ಎದ್ದು, ಆಮೇಲೆ ಕೆಟ್ಟ ರಾಜಿಗಳು ಕೆಟ್ಟಿದ್ದು ಕಾಗದದ ಮೇಲೆ, ಅವಸರದಲ್ಲಿ ಬರೆದ ಒಂದೆರಡು ಸಾಲುಗಳಲ್ಲಿ. ಆದ್ದರಿಂದ ಈ ಬರಹದ ಬಹುಪಾಲು ಮೊದಲ ಮತ್ತು ಕೊನೆಯ ಹಂತಗಳಿಗೇ ಮೀಸಲು. ನಡುವಿನದನ್ನು ನಿಭಾಯಿಸಲು ಮಧ್ಯಸ್ಥಗಾರ ಇದ್ದಾನೆ.

ಮೊದಲು ಒಂದು ಪದದ ಗೊಂದಲ ಬಿಡಿಸೋಣ

ನಮ್ಮ ಪತ್ರಿಕೆಗಳಲ್ಲಿ ಮೀಡಿಯೇಷನ್‌ಗೂ ಮಧ್ಯಸ್ಥಿಕೆ ಎನ್ನುತ್ತಾರೆ, ಆರ್ಬಿಟ್ರೇಷನ್‌ಗೂ ಮಧ್ಯಸ್ಥಿಕೆ ಎನ್ನುತ್ತಾರೆ. ಇವೆರಡರ ನಡುವೆ ಅಜಗಜಾಂತರ. ಆರ್ಬಿಟ್ರೇಟರ್ ಸಾಕ್ಷ್ಯ ಕೇಳಿ ತೀರ್ಪು ಕೊಡುತ್ತಾನೆ. ಆ ತೀರ್ಪು ನಿಮ್ಮನ್ನು ಕಟ್ಟಿಹಾಕುತ್ತದೆ, ಅದನ್ನು ಪ್ರಶ್ನಿಸಲು ನ್ಯಾಯಾಲಯ ಬಿಡುವ ಕಿಂಡಿ ಬಹಳ ಸಣ್ಣದು. ಈ ಬರಹದಲ್ಲಿ ನಾನು ಹೇಳುತ್ತಿರುವ ಮಧ್ಯಸ್ಥಗಾರನಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ನೀವಿಬ್ಬರೂ ಒಪ್ಪಿದರೆ ಒಪ್ಪಂದ, ಒಬ್ಬರು ಒಪ್ಪದಿದ್ದರೂ ಎಲ್ಲವೂ ಮೊದಲಿದ್ದಂತೆಯೇ ಉಳಿಯುತ್ತದೆ. ನಿಮಗೆ ಬಂದಿರುವ ನೋಟಿಸಿನಲ್ಲಿ ಅಥವಾ ಕರಾರಿನಲ್ಲಿ ಇರುವುದು ಯಾವುದು ಎಂಬುದನ್ನು ವಕೀಲರಿಂದ ಖಚಿತ ಮಾಡಿಕೊಳ್ಳಿ. ಒಂದನ್ನು ಇನ್ನೊಂದೆಂದು ತಿಳಿದು ಕೈಬೀಸಿಕೊಂಡು ಬಂದವರಿದ್ದಾರೆ.

ಹಂತ 1: ಈ ವ್ಯಾಜ್ಯ ಮಾತುಕತೆಗೆ ತಕ್ಕದ್ದೇ ಎಂದು ನೋಡಿ

1976ರಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕ ಫ್ರಾಂಕ್ ಸ್ಯಾಂಡರ್ ಒಂದು ಸರಳ ಪ್ರಶ್ನೆ ಎತ್ತಿದರು: ಬಗೆಬಗೆಯ ಜಗಳಗಳೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬಂದು ಒಂದೇ ವಿಚಾರಣೆಗೆ ಒಳಗಾಗಬೇಕೇಕೆ? ಜಗಳದ ಗುಣ ನೋಡಿ ಬೇರೆ ಬೇರೆ ದಾರಿಗೆ ಕಳುಹಿಸಬಾರದೇಕೆ? ಈ ಕಲ್ಪನೆಗೆ ಮುಂದೆ 'ಬಹುಬಾಗಿಲ ನ್ಯಾಯಾಲಯ' ಎಂಬ ಹೆಸರು ಬಂತು. ಇದನ್ನು ಮಧ್ಯಸ್ಥಿಕೆಯ ಪರ ವಾದವಾಗಿ ಮಾತ್ರ ಓದುವವರಿದ್ದಾರೆ. ನನಗೆ ಅದರಲ್ಲಿ ಎಚ್ಚರಿಕೆಯೂ ಕಾಣುತ್ತದೆ. ಕೆಲವು ಜಗಳಗಳಿಗೆ ನ್ಯಾಯಾಧೀಶರ ಬಾಗಿಲೇ ಸರಿ.

ಮುಂದೆಯೂ ಸಂಬಂಧ ಉಳಿಯಬೇಕಾದ ಜಗಳಗಳು ಮಾತುಕತೆಗೆ ಹೇಳಿಮಾಡಿಸಿದಂಥವು: ಪಾಲುದಾರರು, ಅಣ್ಣತಮ್ಮಂದಿರ ವಿಭಾಗ, ನೆರೆಹೊರೆಯ ಗಡಿ, ಮಾಲೀಕ ಮತ್ತು ಬಾಡಿಗೆದಾರ, ಮನೆ ಕಟ್ಟಿಸಿದವರು ಮತ್ತು ಗುತ್ತಿಗೆದಾರ. ಬಾಕಿ ಹಣ ಎಷ್ಟು ಎಂಬುದಷ್ಟೇ ತಗಾದೆಯಾಗಿರುವ ವ್ಯವಹಾರದ ದಾವೆಗಳೂ ಬಹುಮಟ್ಟಿಗೆ ಹೊಂದುತ್ತವೆ. ದಾಖಲೆಯನ್ನೇ ನಕಲು ಮಾಡಿದ ಆರೋಪವಿದ್ದರೆ, ಎದುರಿನವರು ಆಸ್ತಿಯನ್ನು ಇಂದೋ ನಾಳೆಯೋ ಪರಭಾರೆ ಮಾಡುವ ಭಯವಿದ್ದರೆ, ಒಂದು ಕಾನೂನಿನ ಪ್ರಶ್ನೆಗೆ ಎಲ್ಲರಿಗೂ ಅನ್ವಯಿಸುವ ಉತ್ತರವೇ ಬೇಕಾಗಿದ್ದರೆ, ಮೊದಲು ನ್ಯಾಯಾಲಯಕ್ಕೆ ಹೋಗಿ. ತಡೆಯಾಜ್ಞೆ ಪಡೆದು ಆಮೇಲೆ ಮಾತುಕತೆಗೆ ಕೂರಲು ಯಾವ ಅಡ್ಡಿಯೂ ಇಲ್ಲ. ಭಾರತದ ಸುಪ್ರೀಂ ಕೋರ್ಟ್ 2010ರ ಅಫ್ಕಾನ್ಸ್ ಪ್ರಕರಣದಲ್ಲಿ ಯಾವ ಬಗೆಯ ಸಿವಿಲ್ ದಾವೆಗಳನ್ನು ಹೀಗೆ ಕಳುಹಿಸಬಹುದು, ಯಾವುದನ್ನು ಕಳುಹಿಸಬಾರದು ಎಂದು ಉದಾಹರಣೆ ಸಮೇತ ವಿಂಗಡಿಸಿದೆ. ವಂಚನೆ, ನಕಲಿ ದಾಖಲೆ, ಬಲವಂತದಂಥ ಗಂಭೀರ ಆರೋಪಗಳನ್ನು ಅದೂ ಹೊರಗಿಟ್ಟಿದೆ.

ಒಬ್ಬರು ಇನ್ನೊಬ್ಬರಿಗೆ ಹೆದರಿ ಬಾಯಿ ಬಿಡದ ಸ್ಥಿತಿ ಇದ್ದರೆ ಅದನ್ನು ಮಧ್ಯಸ್ಥಗಾರನಿಗೆ ಮೊದಲೇ ಖಾಸಗಿಯಾಗಿ ತಿಳಿಸಿ. ಬೇರೆ ಬೇರೆ ಕೋಣೆಯಲ್ಲಿ ಕೂರಿಸಬಹುದು, ಬೇರೆ ಬೇರೆ ದಿನ ಕರೆಯಬಹುದು, ಬೇಡವೆಂದು ನಿಲ್ಲಿಸಲೂಬಹುದು.

ಕಡ್ಡಾಯವಾಗಿ ಕಳುಹಿಸಿದ್ದಾರೆ ಎಂದು ಸಿಟ್ಟಾಗಿ ಬರುವವರು ಹಲವರು. ಈ ಸಿಟ್ಟು ಲೋಕವ್ಯಾಪಿ. ಇಟಲಿ 2010ರಲ್ಲಿ ಕೆಲವು ಬಗೆಯ ದಾವೆಗಳಿಗೆ ಮಧ್ಯಸ್ಥಿಕೆಯನ್ನು ಕಡ್ಡಾಯ ಮಾಡಿತು, 2012ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು, 2013ರಲ್ಲಿ ಅದು ಬೇರೆ ರೂಪದಲ್ಲಿ ಮರಳಿತು. ಒಪ್ಪದವರನ್ನು ಬಲವಂತವಾಗಿ ಕಳುಹಿಸುವುದು ಸಲ್ಲದೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಹೇಳಿತ್ತು. ವಿಚಾರಣೆಯ ಹಕ್ಕಿಗೆ ಧಕ್ಕೆ ಬಾರದಂತೆ ಕಳುಹಿಸಬಹುದೆಂದು ಅದೇ ನ್ಯಾಯಾಲಯ 2023ರಲ್ಲಿ ಹೇಳಿತು. ಭಾರತದಲ್ಲಿ ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗಳಿಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಕಕ್ಷಿದಾರರು ನೆನಪಿಡಬೇಕಾದದ್ದು ಇಷ್ಟೇ: ಎಲ್ಲಿಯೇ ಆಗಲಿ, ಕಡ್ಡಾಯವಾಗಿರುವುದು ಬರುವುದು. ಒಪ್ಪುವುದು ಕಡ್ಡಾಯವಲ್ಲ.

ಹಂತ 2: ಗಡಿಯಾರ ಎಲ್ಲಿದೆ ಎಂದು ಕೇಳಿ

ಚಿಕ್ಕ ಹಂತ, ಆದರೆ ತಪ್ಪಿದರೆ ದೊಡ್ಡ ಪೆಟ್ಟು. ದಾವೆ ಹೂಡಲು ಕಾನೂನು ಕೊಟ್ಟಿರುವ ಕಾಲಮಿತಿ ನೀವು ಮಾತನಾಡುತ್ತಾ ಕುಳಿತಾಗಲೂ ಓಡುತ್ತಿರಬಹುದು. ಮಾತುಕತೆ ನಡೆಯುವಾಗ ಕಾಲಮಿತಿ ತೀರಿ ಯಾರೂ ದಾವೆಯ ಹಕ್ಕು ಕಳೆದುಕೊಳ್ಳದಂತೆ ಸದಸ್ಯ ದೇಶಗಳು ನೋಡಿಕೊಳ್ಳಬೇಕೆಂದು ಐರೋಪ್ಯ ಒಕ್ಕೂಟ 2008ರ ನಿರ್ದೇಶನದಲ್ಲಿ ಹೇಳಿದೆ. ಎಲ್ಲ ಕಡೆಯೂ, ಎಲ್ಲ ಬಗೆಯ ಮಾತುಕತೆಗೂ ಇಂಥ ರಕ್ಷಣೆ ಇರುವುದಿಲ್ಲ. ಅದರಲ್ಲೂ ಯಾವ ಸಂಸ್ಥೆಗೂ ಅರ್ಜಿ ಕೊಡದೆ ತಾವೇ ಕೂತು ಮಾತನಾಡುವವರು ಎಚ್ಚರದಿಂದಿರಬೇಕು. "ಮಾತಾಡೋಣ, ಮಾತಾಡೋಣ" ಎಂದು ದಿನ ದೂಡಿ, ಕಾಲಮಿತಿ ದಾಟಿದ ಮರುದಿನ ಫೋನ್ ಎತ್ತದೇ ಹೋದವರ ಕಥೆ ನನಗೆ ಗೊತ್ತು.

ಮಧ್ಯಸ್ಥಿಕೆಗೂ ಒಂದು ಗಡುವು ಇರುತ್ತದೆ. ಭಾರತದ 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಅದು 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ.

ಹಂತ 3: ಕೋಣೆಯಲ್ಲಿ ಯಾರಿರಬೇಕು ಎಂದು ಪಟ್ಟಿ ಮಾಡಿ

ಸಂಜೆಯ ಹೊತ್ತು. ಎರಡೂ ಕಡೆಯವರು ಒಂದು ಮೊತ್ತಕ್ಕೆ ಬಂದಿದ್ದಾರೆ. ಒಬ್ಬರು "ಒಂದು ನಿಮಿಷ" ಎಂದು ಫೋನ್ ಹಿಡಿದು ಕಾರಿಡಾರಿಗೆ ಹೋಗುತ್ತಾರೆ. ಹತ್ತು ನಿಮಿಷದ ನಂತರ ಬಂದಾಗ ಮುಖದ ಬಣ್ಣವೇ ಬೇರೆ. "ಇಲ್ಲ ಸಾರ್, ಇದು ಆಗುವುದಿಲ್ಲ." ಕಾರಿಡಾರಿನ ಆ ಫೋನಿನಷ್ಟು ರಾಜಿಗಳನ್ನು ಕೆಡಿಸಿದ ವಸ್ತು ಇನ್ನೊಂದಿಲ್ಲ. ಆ ಕಡೆಯಲ್ಲಿದ್ದವರು ಹೆಂಡತಿಯೋ, ಭಾವಮೈದುನನೋ, ಕಂಪನಿಯ ಹಿರಿಯ ಅಧಿಕಾರಿಯೋ ಯಾರೇ ಆಗಿರಲಿ, ಅವರ ತಪ್ಪೇನೂ ಇಲ್ಲ. ಇಡೀ ದಿನ ನಡೆದ ಮಾತು ಅವರ ಕಿವಿಗೆ ಬಿದ್ದಿಲ್ಲ. ಕೊನೆಯ ಮೊತ್ತವೊಂದೇ ಬಿದ್ದಿದೆ. ಕೇಳಿದವರಿಗೆಲ್ಲ ಅದು ಕಡಿಮೆಯೇ ಅನ್ನಿಸುತ್ತದೆ.

ಹಾಗಾಗಿ ಈಗ ನಾನು ಮೊದಲ ಸಭೆಗೂ ಮುನ್ನ ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ ಹಾಕುತ್ತೇನೆ: "ಇದಕ್ಕೆ ಹೂಂ ಎನ್ನಬೇಕಾದವರಲ್ಲಿ ಯಾರು ಬರುತ್ತಿಲ್ಲ?" ಅವರನ್ನು ಕರೆತನ್ನಿ. ಬರಲಾಗದಿದ್ದರೆ ದಿನವಿಡೀ ಫೋನಿನಲ್ಲಿ ಸಿಗುವಂತೆ ಏರ್ಪಾಡು ಮಾಡಿ, ನಡುನಡುವೆ ವಿಷಯ ತಿಳಿಸುತ್ತಿರಿ. ಕಂಪನಿಯ ಪರವಾಗಿ ಬರುವವರು ಎಷ್ಟರವರೆಗೆ ಒಪ್ಪಬಹುದು ಎಂಬ ಅಧಿಕಾರಪತ್ರ ತರಲಿ. ಆಸ್ತಿ ವ್ಯಾಜ್ಯವಾದರೆ ಹಕ್ಕು ಇರುವ ಪ್ರತಿಯೊಬ್ಬರ ಹೆಸರು ಬರೆದುಕೊಳ್ಳಿ. ಊರಿನಲ್ಲಿಲ್ಲದ ತಂಗಿ, ತೀರಿಹೋದ ಅಣ್ಣನ ಮಕ್ಕಳು, ಸಾಲ ಕೊಟ್ಟು ಅಡಮಾನ ಇಟ್ಟುಕೊಂಡಿರುವ ಬ್ಯಾಂಕು, ಇವರಲ್ಲಿ ಯಾರನ್ನು ಬಿಟ್ಟರೂ ಬರೆದ ಕಾಗದ ಅರ್ಧವೇ. ಅಪ್ರಾಪ್ತರ ಪಾಲಿದ್ದರೆ ಅವರ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕಾಗಬಹುದು, ಅದನ್ನು ಮೊದಲೇ ವಿಚಾರಿಸಿ.

ವಕೀಲರು ಬೇಕೇ? ಬೇಕು. ಆದರೆ ಕೋಣೆಯಲ್ಲಿ ಮಾತು ನಿಮ್ಮದು, ಕಾನೂನು ಅವರದು. ಒಳ್ಳೆಯ ವಕೀಲರಿಗೆ ಈ ಹಂಚಿಕೆ ಗೊತ್ತಿರುತ್ತದೆ. ಮಧ್ಯಸ್ಥಗಾರ ವಕೀಲನೇ ಆಗಿದ್ದರೂ ಅಲ್ಲಿ ಅವನು ನಿಮ್ಮ ವಕೀಲನಲ್ಲ. "ನೀವೇ ಹೇಳಿ ಸಾರ್, ಸಹಿ ಹಾಕಲೇ?" ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ತೋರಿಸುವುದು ಅವರ ಪಕ್ಕದ ಕುರ್ಚಿಯನ್ನು.

ಹಂತ 4: ಒಂದು ಹಾಳೆಯಲ್ಲಿ ಲೆಕ್ಕ ಹಾಕಿ

ಬಹುತೇಕರು ಒಂದು ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರವಿರುವುದಿಲ್ಲ. "ಇದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ" ಎನ್ನುವ ಮೊದಲು, ಒಪ್ಪದಿದ್ದರೆ ಕೈಗೆ ಬರುವುದೆಷ್ಟು ಎಂಬುದನ್ನು ಬರೆದು ನೋಡಬೇಕು.

ದಾವೆಯ ಮೊತ್ತ 100 ಎಂದಿಟ್ಟುಕೊಳ್ಳಿ. ವಾದಿಗೆ ತಾನು ಗೆಲ್ಲುವ ಸಂಭವ ಶೇಕಡಾ 60 ಎಂದು ನಂಬಿಕೆ. ಕೊನೆಯವರೆಗೆ ಹೋರಾಡಲು ಅವರಿಗೆ ತಗಲುವ ಖರ್ಚು 12. ಹಾಗಾದರೆ ಅವರ ಪಾಲಿಗೆ ದಾವೆಯ ಇಂದಿನ ಬೆಲೆ 60ರಲ್ಲಿ 12 ಕಳೆದು 48. ಈಗ ಪ್ರತಿವಾದಿಯ ಕಡೆ ಬನ್ನಿ. ಅವರಿಗೂ ತಾವೇ ಶೇಕಡಾ 60 ಗೆಲ್ಲುತ್ತೇವೆಂಬ ನಂಬಿಕೆ. ಅಂದರೆ ಸೋತು 100 ಕೊಡಬೇಕಾಗುವ ಸಂಭವ ಶೇಕಡಾ 40; ಅದರ ಬೆಲೆ 40. ಅವರ ಖರ್ಚೂ 12. ಒಟ್ಟು 52. ಇಬ್ಬರೂ ತಾವೇ ಗೆಲ್ಲುವವರೆಂದು ನಂಬಿದ್ದಾರೆ, ಇಬ್ಬರ ನಂಬಿಕೆಯೂ ಒಟ್ಟಿಗೆ ನಿಜವಾಗಲಾರದು. ಆದರೂ 48ರಿಂದ 52ರ ನಡುವೆ ಎಲ್ಲಿ ನಿಂತರೂ ಇಬ್ಬರಿಗೂ ದಾವೆ ಮುಂದುವರಿಸುವುದಕ್ಕಿಂತ ಲಾಭವೇ. ಇದನ್ನು ಮೊದಲ ಬಾರಿ ಹಾಳೆಯ ಮೇಲೆ ನೋಡಿದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇದೇ ಲೆಕ್ಕದಲ್ಲಿ ಇಬ್ಬರ ನಂಬಿಕೆಯನ್ನೂ ಶೇಕಡಾ 70ಕ್ಕೆ ಏರಿಸಿ ನೋಡಿ. ವಾದಿಗೆ 58ಕ್ಕಿಂತ ಕಡಿಮೆ ಬೇಡ, ಪ್ರತಿವಾದಿಗೆ 42ಕ್ಕಿಂತ ಹೆಚ್ಚು ಆಗದು. ಕೂಡುವ ಜಾಗವೇ ಮಾಯ. ನಾನು ಖಾಸಗಿಯಾಗಿ "ಎದುರಿನ ವಕೀಲರು ಪಾಟೀಸವಾಲಿನಲ್ಲಿ ಪ್ರಶ್ನೆ ಹಾಕಿದಾಗ ನಿಮ್ಮ ಆ ಸಾಕ್ಷಿ ನಿಲ್ಲುತ್ತಾರೆಯೇ?" "ಆ ರಸೀದಿಯ ಮೂಲಪ್ರತಿ ಎಲ್ಲಿದೆ?" ಎಂದು ಕೇಳುವುದು ಈ 70ನ್ನು ಅಲ್ಲಾಡಿಸಿ ನೋಡುವುದಕ್ಕೆ. ಅದು ಎದುರಿನವರ ಪರ ವಹಿಸುವುದಲ್ಲ. ನಿಮ್ಮ ವಕೀಲರನ್ನು ನೀವೇ ಮನೆಯಲ್ಲಿ ಈ ಪ್ರಶ್ನೆ ಕೇಳಿ ಬಂದಿದ್ದರೆ ನನಗೆ ಅರ್ಧ ದಿನ ಉಳಿಯುತ್ತದೆ.

ಲೆಕ್ಕಕ್ಕೆ ಇನ್ನೂ ಮೂರು ಸಾಲು ಸೇರಿಸಿ. ಒಂದು, ಕಾಲ: ನಾಲ್ಕು ವರ್ಷದ ನಂತರ ಬರುವ 100 ಇಂದಿನ 100 ಅಲ್ಲ, ತೀರ್ಪಿನ ಮೇಲೆ ಮೇಲ್ಮನವಿಯೂ ಇದೆ. ಎರಡು, ವಸೂಲಿ: ಡಿಕ್ರಿ, ಅಂದರೆ ತೀರ್ಪಿನ ಆದೇಶ, ಕೈಗೆ ಬಂದರೂ ಹಣ ಬರಬೇಕಾದರೆ ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಬೇಕು, ಎದುರಿನವರ ಬಳಿ ವಸೂಲು ಮಾಡಲು ಏನಾದರೂ ಇರಬೇಕು. ಮೂರು, ಸೋತವರು ಗೆದ್ದವರ ಖರ್ಚನ್ನೂ ಭರಿಸಬೇಕೇ ಎಂಬ ನಿಯಮ. ಅದು ದೇಶದಿಂದ ದೇಶಕ್ಕೆ ಬೇರೆ, ಮೇಲಿನ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲದು.

ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇಂದು ಒಪ್ಪಂದವಾಗದಿದ್ದರೆ ನಾಳೆ ಬೆಳಿಗ್ಗೆ ನಾನು ಮಾಡುವ ಮೊದಲ ಕೆಲಸ ಏನು? ಉತ್ತರ ಸ್ಪಷ್ಟವಾಗಿದ್ದಷ್ಟು ನೀವು ಕೋಣೆಯಲ್ಲಿ ನಿರಾಳವಾಗಿರುತ್ತೀರಿ.

ಹಂತ 5: ದಾವೆಯಲ್ಲಿ ಬರೆಯದೇ ಉಳಿದದ್ದನ್ನು ಬರೆದುಕೊಳ್ಳಿ

ದಾವಾ ಪತ್ರದಲ್ಲಿ ಕಾನೂನು ಪರಿಹಾರ ಕೊಡಬಲ್ಲ ಸಂಗತಿಗಳಷ್ಟೇ ಇರುತ್ತವೆ. ಜಗಳ ಹುಟ್ಟಿದ್ದು ಅಲ್ಲಿಂದಲೇ ಆಗಿರಬೇಕೆಂದಿಲ್ಲ.

ವಿವರಗಳನ್ನು ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ನೆರೆಯ ಇಬ್ಬರ ನಡುವೆ ಎರಡು ಅಡಿ ಅಗಲದ ಪಟ್ಟಿಗಾಗಿ ಆರು ವರ್ಷದಿಂದ ದಾವೆ. ಅಳತೆ, ನಕ್ಷೆ, ಸ್ಥಳ ನೋಡಲು ನ್ಯಾಯಾಲಯ ನೇಮಿಸಿದ ಕಮಿಷನರ್ ವರದಿ ಎಲ್ಲವೂ ಆಗಿತ್ತು. ವಾದಿಯೊಂದಿಗೆ ಪ್ರತ್ಯೇಕವಾಗಿ ಕುಳಿತಾಗ, ಜಾಗದ ಮಾತು ಮುಗಿದ ಮೇಲೆ, "ಇನ್ನೇನಾದರೂ ಇದೆಯೇ?" ಎಂದೆ. ಅವರು ಬಹಳ ಹೊತ್ತಿನ ನಂತರ ಹೇಳಿದರು: "ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ವಾರ ನೋಡಿಯೇ ಗೋಡೆ ಎತ್ತಿದರು. ಮನೆಯಲ್ಲಿ ಯಾರೂ ಇಲ್ಲವೆಂದು." ಅವರ ಅನುಮತಿ ಪಡೆದು ಇದನ್ನು ಆಚೆ ಕೋಣೆಗೆ ಒಯ್ದೆ. ಪ್ರತಿವಾದಿಗೆ ಆಸ್ಪತ್ರೆಯ ವಿಷಯವೇ ಗೊತ್ತಿರಲಿಲ್ಲ. ಮೇಸ್ತ್ರಿ ಸಿಕ್ಕಿದ ವಾರ ಅದಾಗಿತ್ತು, ಅಷ್ಟೇ. ಅವರು ಎದ್ದು ಬಂದು ಅದನ್ನು ತಾವೇ ಹೇಳಿದರು. ಗೋಡೆ ಇದ್ದಲ್ಲಿಯೇ ಉಳಿಯಿತು, ಒಂದು ಚಿಕ್ಕ ಮೊತ್ತ ಕೈ ಬದಲಾಯಿತು, ದಾವೆ ಮುಗಿಯಿತು. ಆರು ವರ್ಷದ ಕಡತದಲ್ಲಿ ಆಸ್ಪತ್ರೆ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಎಲ್ಲ ಪ್ರಕರಣಗಳೂ ಹೀಗೆ ಕಣ್ಣೀರಿನಲ್ಲಿ ಕರಗುತ್ತವೆಂದು ನಂಬಿಸುವುದು ನನ್ನ ಉದ್ದೇಶವಲ್ಲ. ಎರಡು ಕಂಪನಿಗಳ ಬಾಕಿಯ ಜಗಳದಲ್ಲಿ ಬಾಕಿಯೇ ವಿಷಯವಾಗಿರುವುದು ಹೆಚ್ಚು. ಅಲ್ಲಿ ಕೂಡ ಹಣದ ಜೊತೆಗೆ ಇನ್ನೇನು ಬೇಕು ಎಂದು ಬರೆದುಕೊಳ್ಳುವುದು ಉಪಯುಕ್ತ: ಕಂತು, ಮುಂದಿನ ಆರ್ಡರು, ಒಂದು ಪ್ರಮಾಣಪತ್ರ, ಇಬ್ಬರೂ ಸುಮ್ಮನಿರುವ ಕರಾರು. ನ್ಯಾಯಾಧೀಶರು ಕೊಡಲಾಗದ, ಎದುರಿನವರು ಮಾತ್ರ ಕೊಡಬಲ್ಲ ವಸ್ತುಗಳ ಪಟ್ಟಿ ಅದು.

ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂಬ ಭಯ ವಕೀಲರಲ್ಲೂ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2006ರಲ್ಲಿ, ಕ್ಷಮೆ ಕೇಳಿದ್ದನ್ನು ಹೊಣೆ ಒಪ್ಪಿಕೊಂಡಂತೆ ಎಣಿಸಬಾರದು ಎಂದು ಕಾನೂನನ್ನೇ ಮಾಡಿತು. ನಿಮ್ಮ ಊರಿನ ಕಾನೂನಿನಲ್ಲಿ ಇದಿಲ್ಲದಿದ್ದರೂ, ಮಧ್ಯಸ್ಥಿಕೆಯ ಗೋಪ್ಯತೆ ಸಾಮಾನ್ಯವಾಗಿ ಈ ಮಾತುಗಳನ್ನು ಕಾಯುತ್ತದೆ. ಹೇಗೆ ಹೇಳಬೇಕೆಂದು ಮೊದಲೇ ವಕೀಲರೊಂದಿಗೆ ಮಾತನಾಡಿಕೊಳ್ಳಿ.

ಹಂತ 6: ಕೋಣೆಯೊಳಗೆ

ಮೊದಲು ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನಿಮ್ಮ ಸರದಿ ಬಂದಾಗ ಹತ್ತು ನಿಮಿಷ ಮಾತನಾಡಿ, ಎದುರಿನವರತ್ತ ನೋಡಿ ಮಾತನಾಡಿ, ವಾದ ಮಂಡಿಸಬೇಡಿ. ನನ್ನನ್ನು ಒಲಿಸಿಕೊಂಡು ಏನೂ ಪ್ರಯೋಜನವಿಲ್ಲ; ನನ್ನ ಬಳಿ ಕೊಡಲು ತೀರ್ಪಿಲ್ಲ. ಅವರ ಸರದಿಯಲ್ಲಿ ಸುಳ್ಳು ಕೇಳಿಬಂದರೆ ಬರೆದುಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವಂತಿಲ್ಲ.

ಇಲ್ಲಿ ಆಡಿದ ಮಾತನ್ನು ಆಮೇಲೆ ನ್ಯಾಯಾಲಯದಲ್ಲಿ ಬಳಸಬಾರದು ಎಂಬುದು ಸಾಮಾನ್ಯ ನಿಯಮ. ಅದನ್ನು ಅತಿಯಾಗಿ ಹಿಗ್ಗಿಸಿಕೊಳ್ಳಬೇಡಿ. ಮೊದಲಿನಿಂದಲೂ ಇದ್ದ ಕ್ರಯಪತ್ರವನ್ನು ಇಲ್ಲಿ ತೋರಿಸಿದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ.

ಆಮೇಲೆ ಪ್ರತ್ಯೇಕ ಮಾತುಕತೆ. ನಾನು ಒಂದು ಕಡೆಯವರೊಂದಿಗೆ ಬಾಗಿಲು ಹಾಕಿಕೊಂಡು ಕೂರುತ್ತೇನೆ, ಇನ್ನೊಂದು ಕಡೆಯವರು ಹೊರಗೆ ಕಾಯುತ್ತಾರೆ. ಕಾಯುವವರಿಗೆ ಒಳಗೆ ಪಿತೂರಿ ನಡೆಯುತ್ತಿದೆ ಎನ್ನಿಸುವುದು ಸಹಜ. ಒಂದು ಕಡೆ ನಲವತ್ತು ನಿಮಿಷ, ಇನ್ನೊಂದು ಕಡೆ ಹತ್ತು ನಿಮಿಷ ಆದರೆ ಗಾಬರಿ ಬೀಳಬೇಡಿ. ಹೆಚ್ಚು ಹೊತ್ತು ಹಿಡಿದದ್ದು ಹೆಚ್ಚು ಗಂಟು ಇದ್ದ ಕಡೆ. ಈ ಕೋಣೆಯಲ್ಲಿ ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ನಾನು ಆಚೆ ಒಯ್ಯುವಂತಿಲ್ಲ. ಏಳುವ ಮೊದಲು ಮೂರು ಭಾಗ ಮಾಡಿ ಹೇಳಿಬಿಡಿ: ಇದನ್ನು ಹೇಳಬಹುದು, ಇದನ್ನು ಹೇಳಬಾರದು, ಇದನ್ನು ನಿಮ್ಮದೇ ಪ್ರಶ್ನೆ ಎಂಬಂತೆ ಕೇಳಿ ನೋಡಿ. ಮೂರನೆಯದನ್ನು ಬಳಸುವುದು ಗೊತ್ತಿರುವ ಕಕ್ಷಿದಾರರು ಕಡಿಮೆ. ಬಹಳ ಕೆಲಸ ಆಗುವುದು ಅದರಿಂದಲೇ.

ಅದಕ್ಕೊಂದು ಕಾರಣವಿದೆ. ಎದುರಾಳಿಯ ಬಾಯಿಂದ ಬಂದ ಪ್ರಸ್ತಾಪ, ಅದು ಎದುರಾಳಿಯದ್ದು ಎಂಬ ಒಂದೇ ಕಾರಣಕ್ಕೆ ನಮಗೆ ಕಳಪೆಯಾಗಿ ಕಾಣುತ್ತದೆ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಸಂಗಡಿಗರು ಇದನ್ನು ಪ್ರಯೋಗಗಳಿಂದ ತೋರಿಸಿದರು. "ಅವರೇ ಇಷ್ಟು ಕೊಡಲು ಒಪ್ಪಿದ್ದಾರೆಂದರೆ ಇನ್ನೂ ಏನೋ ಇದೆ" ಎಂಬ ಅನುಮಾನ ನನ್ನ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತದೆ. ನಿನ್ನೆ ನೀವೇ ಬಯಸಿದ್ದ ಷರತ್ತು ಇಂದು ಅವರ ಕಡೆಯಿಂದ ಬಂದು ರುಚಿಸದೇ ಹೋದರೆ, ಹಂತ 4ರ ಹಾಳೆಯನ್ನು ಮತ್ತೆ ತೆಗೆದು ನೋಡಿ.

ಹಂತ 7: ಮೊತ್ತಗಳ ಓಡಾಟ

ಮೊದಲು ಯಾರು ಮೊತ್ತ ಹೇಳಬೇಕು? ಹೇಳದೇ ಕಾಯುವುದೇ ಜಾಣತನ ಎಂಬುದು ಸಂತೆಯ ಬುದ್ಧಿ. ಮೊದಲು ಕಿವಿಗೆ ಬಿದ್ದ ಅಂಕಿ ನಂತರದ ಅಂದಾಜುಗಳನ್ನು ತನ್ನತ್ತ ಎಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನ್ಮನ್ 1974ರಷ್ಟು ಹಿಂದೆಯೇ ತೋರಿಸಿದ್ದಾರೆ. ಲೆಕ್ಕ ಗಟ್ಟಿಯಿದ್ದರೆ ಮೊದಲು ಹೇಳಿ, ಆ ಲೆಕ್ಕವನ್ನೂ ಜೊತೆಗಿಡಿ. ಕಾರಣವಿಲ್ಲದ ಆಕಾಶದ ಮೊತ್ತ ಹೇಳಿದರೆ ಮಾತ್ರ ಎದುರಿನವರು ಚೀಲ ಎತ್ತಿಕೊಂಡು ಹೊರಡುತ್ತಾರೆ.

ಪ್ರತಿ ಬಾರಿ ಇಳಿಯುವಾಗಲೂ ಏರುವಾಗಲೂ ಒಂದು ಕಾರಣ ಕೊಡಿ. ಹೆಜ್ಜೆಗಳು ಚಿಕ್ಕದಾಗುತ್ತಾ ಹೋದರೆ ನಿಮ್ಮ ಮಿತಿ ಹತ್ತಿರ ಬಂತೆಂದು ಅವರಿಗೆ ತಾನಾಗಿ ತಿಳಿಯುತ್ತದೆ. "ಇದೇ ಕೊನೆ" ಎಂಬ ಮಾತನ್ನು ಒಂದೇ ಬಾರಿ, ಅದು ನಿಜವಾಗಿ ಕೊನೆಯಾಗಿದ್ದಾಗ ಹೇಳಿ. ಮೂರು ಬಾರಿ ಹೇಳಿದವರ ಕೊನೆಯನ್ನು ನಾಲ್ಕನೆಯ ಬಾರಿ ಯಾರೂ ನಂಬುವುದಿಲ್ಲ.

ಸ್ವಲ್ಪ ಅಂತರ ಉಳಿದು ಇಬ್ಬರೂ ಜಿದ್ದಿಗೆ ಬಿದ್ದಾಗ ಒಂದು ಉಪಾಯವಿದೆ. ಮಧ್ಯಸ್ಥಗಾರ ತಾನೇ ಒಂದು ಮೊತ್ತ ಬರೆದು ಇಬ್ಬರಿಗೂ ಬೇರೆ ಬೇರೆಯಾಗಿ ಕೊಡುತ್ತಾನೆ. ಹೌದು ಅಥವಾ ಇಲ್ಲ, ಇಷ್ಟೇ ಉತ್ತರ. ಇಬ್ಬರೂ ಹೌದೆಂದರೆ ಒಪ್ಪಂದ. ಇಲ್ಲದಿದ್ದರೆ, ಇಲ್ಲವೆಂದವರಿಗೆ ಇನ್ನೊಬ್ಬರು ಏನು ಹೇಳಿದರೆಂದು ತಿಳಿಯುವುದೇ ಇಲ್ಲ, ಒಪ್ಪಿದವರು ಅಗ್ಗವಾಗುವುದಿಲ್ಲ. ನಾನು ಇದನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆಯೇ ಬಳಸಿದರೆ ಎಲ್ಲರೂ ಅದಕ್ಕಾಗಿ ಕಾಯುತ್ತಾ ಮಾತನಾಡುವುದನ್ನೇ ನಿಲ್ಲಿಸುತ್ತಾರೆ.

ಹಂತ 8: ಬರೆಯದೇ ಏಳಬೇಡಿ

ಈಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇಬ್ಬರು ಪಾಲುದಾರರು ಬೇರೆಯಾಗುವ ಒಪ್ಪಂದದಲ್ಲಿ "ಲೆಕ್ಕಪತ್ರಗಳನ್ನು ಆದಷ್ಟು ಬೇಗ ಹಸ್ತಾಂತರಿಸತಕ್ಕದ್ದು" ಎಂದು ಬರೆಯಲು ಬಿಟ್ಟೆ. ರಾತ್ರಿ ಎಂಟಾಗಿತ್ತು, ಎಲ್ಲರಿಗೂ ದಣಿವು, ದಿನಾಂಕ ಕೇಳಿದರೆ ಮತ್ತೆ ಜಗಳವೆದ್ದೀತು ಎಂಬ ಅಳುಕು. ಎಂಟು ತಿಂಗಳ ನಂತರ ಅದೇ ಇಬ್ಬರು ಮತ್ತೆ ಬಂದರು. ಹಣವೆಲ್ಲ ಸಂದಾಯವಾಗಿತ್ತು. ಜಗಳ "ಆದಷ್ಟು ಬೇಗ" ಎಂಬ ಎರಡು ಪದಗಳ ಮೇಲೆ. ಅಂದು ನಾನು ಹೆದರಿ ಕೇಳದ ದಿನಾಂಕ ಅವರಿಗೆ ಎಂಟು ತಿಂಗಳ ದ್ವೇಷ ತಂದಿತ್ತು.

ಆದ್ದರಿಂದ ಕರಡನ್ನು ಹೀಗೆ ಓದಿ. ಪ್ರತಿ ಷರತ್ತಿನಲ್ಲೂ ಯಾರು, ಏನನ್ನು, ಯಾವ ದಿನಾಂಕದೊಳಗೆ, ಯಾವ ರೀತಿಯಲ್ಲಿ ಎಂಬುದು ಇದೆಯೇ? "ಸೂಕ್ತ", "ಸಮಂಜಸ", "ಪರಸ್ಪರ ಸಹಕಾರದಿಂದ" ಎಂಬ ಪದಗಳು ಕಂಡರೆ ಅಡಿಗೆರೆ ಎಳೆದು ಬದಲಿಸಿ. ಕಂತಿದ್ದರೆ ಒಂದು ಕಂತು ತಪ್ಪಿದಾಗ ಏನಾಗುತ್ತದೆ ಎಂದು ಬರೆಯಿರಿ: ಎಷ್ಟು ದಿನ ವಿನಾಯಿತಿ, ಎಷ್ಟು ಬಡ್ಡಿ, ಪೂರ್ತಿ ಬಾಕಿ ಒಮ್ಮೆಗೇ ಕೊಡಬೇಕಾಗುತ್ತದೆಯೇ. ಯಾವ ಯಾವ ದಾವೆ ಹಿಂಪಡೆಯಬೇಕು ಎಂಬುದನ್ನು ಸಂಖ್ಯೆ ಸಹಿತ ನಮೂದಿಸಿ. ಹಣ ಮೊದಲೋ ಹಿಂಪಡೆಯುವುದು ಮೊದಲೋ ಎಂಬುದನ್ನೂ. ಸ್ಥಿರಾಸ್ತಿಯಾದರೆ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆ), ಅಳತೆ, ನಕ್ಷೆ ಜೊತೆಗಿರಲಿ. ನೋಂದಣಿ ಬೇಕೇ, ಮುದ್ರಾಂಕ ಶುಲ್ಕ ಯಾರದು, ತೆರಿಗೆ ಯಾರದು ಎಂದು ಕೇಳಿ.

ಇನ್ನೊಂದು ಪ್ರಶ್ನೆ ವಕೀಲರಿಗೆ: ಈ ಕಾಗದ ಬರಿಯ ಕರಾರೇ, ಅಥವಾ ಡಿಕ್ರಿಯಂತೆ ನೇರವಾಗಿ ಜಾರಿಯಾಗುತ್ತದೆಯೇ? ದಾವೆ ಬಾಕಿ ಇದ್ದರೆ ಒಪ್ಪಂದವನ್ನು ನ್ಯಾಯಾಲಯದ ಮುಂದಿಟ್ಟು ರಾಜಿ ಡಿಕ್ರಿ ಪಡೆಯುವುದು ಕ್ಷೇಮ. ಎದುರಿನವರು ಬೇರೆ ದೇಶದವರಾಗಿ ವ್ಯಾಜ್ಯ ವಾಣಿಜ್ಯದ್ದಾಗಿದ್ದರೆ ಸಿಂಗಪುರ ಒಪ್ಪಂದದ ಬಗ್ಗೆ ವಿಚಾರಿಸಿ. ಗಡಿಯಾಚೆಗೂ ಇಂಥ ರಾಜಿಗಳು ಜಾರಿಯಾಗಲೆಂದು ಮಾಡಿದ ಈ ಒಪ್ಪಂದಕ್ಕೆ 2019ರ ಆಗಸ್ಟ್ 7ರಂದು ಮೊದಲ ದಿನವೇ 46 ದೇಶಗಳು ಸಹಿ ಹಾಕಿದವು. 2020ರ ಸೆಪ್ಟೆಂಬರ್ 12ರಿಂದ ಅದು ಜಾರಿಯಲ್ಲಿದೆ. ಸಹಿ ಹಾಕುವುದು ಬೇರೆ, ಅನುಮೋದಿಸುವುದು ಬೇರೆ. ಹಣ ವಸೂಲಾಗಬೇಕಾದ ದೇಶ ಅನುಮೋದಿಸಿದೆಯೇ ಎಂಬುದು ನಿಮಗೆ ಬೇಕಾದ ಮಾಹಿತಿ.

ಆಗದಿದ್ದರೆ

ಆಗದ ದಿನಗಳೂ ಇವೆ. ಆಗಲೂ ಖಾಲಿ ಕೈಯಲ್ಲಿ ಏಳಬೇಡಿ. ಇಬ್ಬರೂ ಒಪ್ಪುವ ಸಂಗತಿಗಳನ್ನು ಗುರುತು ಹಾಕಿ: ಅಳತೆಯ ಬಗ್ಗೆ ತಕರಾರಿಲ್ಲ, ಇಷ್ಟು ಹಣ ಪಾವತಿಯಾಗಿರುವುದು ನಿಜ, ಇಂಥ ತಜ್ಞರು ಮೌಲ್ಯಮಾಪನ ಮಾಡಲಿ. ಇದನ್ನು ಒಂದು ಭಾಗಶಃ ಒಪ್ಪಂದವಾಗಿ ಬರೆದು ಸಹಿ ಹಾಕಿದರೆ ವಿಚಾರಣೆ ಎಷ್ಟೋ ಗಿಡ್ಡವಾಗುತ್ತದೆ. ಮಾತು ಯಾವ ಮೊತ್ತದಲ್ಲಿ ನಿಂತಿತು ಎಂಬುದನ್ನು ನಿಮ್ಮ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ತಿಂಗಳ ನಂತರ ಯಾವುದೋ ವಾಯಿದೆಯ ದಿನ, ನ್ಯಾಯಾಲಯದ ಹೊರಗೆ, ಅಲ್ಲಿಂದಲೇ ಮಾತು ಮುಂದುವರಿದು ಮುಗಿದ ಪ್ರಕರಣಗಳು ನನ್ನ ಪುಸ್ತಕದಲ್ಲಿ 'ವಿಫಲ' ಎಂದೇ ನಮೂದಾಗಿವೆ.

ಒಪ್ಪಂದವಾಗಿದ್ದರೆ, ಸಹಿಗೆ ಮುನ್ನ ಒಂದು ಕೊನೆಯ ಕೆಲಸ. ಹಣ ಹೋಗಬೇಕಾದ ಖಾತೆಯ ಸಂಖ್ಯೆಯನ್ನು ಕೊಡುವವರು ಗಟ್ಟಿಯಾಗಿ ಓದಲಿ, ಪಡೆಯುವವರು ಪಾಸ್‌ಬುಕ್ ಹಿಡಿದು ಒಂದೊಂದೇ ಅಂಕಿ ಸರಿಹೊಂದಿಸಲಿ. ದಿನವಿಡೀ ಪರಸ್ಪರ ಮುಖ ನೋಡದವರು ಈ ಎರಡು ನಿಮಿಷ ಒಂದೇ ಹಾಳೆಯ ಮೇಲೆ ಬಾಗಿ ನಿಂತಿರುತ್ತಾರೆ. ನಾನು ಆಗ ಪೆನ್ನು ಹುಡುಕುವವನಂತೆ ಆಚೆ ತಿರುಗಿಕೊಳ್ಳುತ್ತೇನೆ.